ಅಂಗಡಿಯಲ್ಲಿ ದುಡ್ಡು ಕೊಡಲು ಬ್ಯಾಂಕ್ ಕಾರ್ಡನ್ನು ಸ್ವೈಪ್ ಮಾಡಿದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಚಿಪ್ ಕಾರ್ಡನ್ನು ಮಷೀನಿನಲ್ಲೇ ಬಿಟ್ಟು ಕಾಯಬೇಕು, ಯಾಕೆ?
ಚಿಪ್ ಒಂದು ಪುಟ್ಟ ಕಂಪ್ಯೂಟರ್. ಅದು ಲೆಕ್ಕ ಮುಗಿಸುವವರೆಗೂ ಮಷೀನಿನಿಂದ ಕರೆಂಟ್ ಬೇಕು, ಅದಕ್ಕೇ ಕಾಯುವುದು.

ಸ್ವೈಪ್ ಮಾಡುವಾಗ ಉಜ್ಜುವ, ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಯಲ್ಲಿರುವುದು ಬದಲಾಗದ ಮಾಹಿತಿ. ಒಮ್ಮೆ ಉಜ್ಜಿದರೆ ಅಂಗಡಿಯ ಮಷೀನ್ ಓದಿಕೊಳ್ಳುತ್ತದೆ. ಕಳ್ಳನ ಮಷೀನೂ ಅಷ್ಟೇ ಸಲೀಸಾಗಿ ಓದುತ್ತದೆ, ನಕಲಿ ಕಾರ್ಡ್ ತಯಾರು! ಚಿಪ್ ಹಾಗಲ್ಲ. ತನ್ನ ಗುಟ್ಟಿನ ಕೀಲಿಯನ್ನು ಹೊರಗೆ ಬಿಡದೆ, ಪ್ರತಿ ಸಲ ಹೊಸ ಸಂಕೇತ ಮಾಡಿ ಬ್ಯಾಂಕಿಗೆ ಕಳಿಸುತ್ತದೆ. ಅದನ್ನು ಕದ್ದರೂ ಮುಂದಿನ ಸಲಕ್ಕೆ ಬರುವುದಿಲ್ಲ. ಆ ನಾಲ್ಕೈದು ಸೆಕೆಂಡು ಜಾಸ್ತಿ ಏನಲ್ಲ ಅಲ್ವಾ? ನಡುವೆ ಕಾರ್ಡ್ ಎಳೆದರೆ ಮಾತ್ರ ಮತ್ತೆ ಮೊದಲಿಂದ ಶುರು.

ಅವಸರವಿದ್ದರೆ, ನಾಲ್ಕು ಬಾಗಿದ ಗೆರೆಗಳ ಗುರುತಿರುವ ಕಾರ್ಡನ್ನು ಸುಮ್ನೆ ಮಷೀನಿಗೆ ತಾಗಿಸಿ. ಅಲ್ಲೂ ಕೆಲಸ ಮಾಡುವುದು ಚಿಪ್ಪೇ. ಭಾರತದಲ್ಲಿ 2021ರಿಂದ 5,000 ರೂಪಾಯಿವರೆಗೆ ಪಿನ್ ಕೂಡ ಬೇಡ.