ಕುಲಪತಿ ರಿಟೈರ್ ಆದ್ರೆ ಮಗಳ ಸರ್ಟಿಫಿಕೇಟ್ ಕಥೆ ಏನು?

ಪ್ರಶ್ನೆ: ಮಗಳು ಎಂಎಸ್ಸಿ ಕೊನೇ ಸೆಮಿಸ್ಟರ್. ಅವಳ ಯೂನಿವರ್ಸಿಟಿ ಕುಲಪತಿ ರಿಟೈರ್ ಆಗ್ತಿದಾರಂತೆ, ಹೊಸಬರು ಬರೋತನಕ ರಿಸಲ್ಟು, ಸರ್ಟಿಫಿಕೇಟು ಎಲ್ಲಾ ನಿಂತೋಗುತ್ತಾ? - ಓದುಗರು, ತೀರ್ಥಹಳ್ಳಿ

ಉತ್ತರ: ಗಾಬರಿ ಬೇಡ ಮಾರಾಯ್ರೇ. ಪರೀಕ್ಷೆ, ರಿಸಲ್ಟು ನೋಡ್ಕೊಳ್ಳೋದು ಪರೀಕ್ಷಾಂಗ ಕುಲಸಚಿವರು, ಅವರ ಆಫೀಸು ನಡೀತಾನೇ ಇರುತ್ತೆ, ಮಾರ್ಕ್ಸ್ ಕಾರ್ಡ್ ಜೊತೆ ಪ್ರೊವಿಷನಲ್ ಸರ್ಟಿಫಿಕೇಟ್‌ಗೂ ಅಲ್ಲೇ ಅರ್ಜಿ ಹಾಕ್ಸಿ, ಕೆಲಸಕ್ಕೆ ಸೇರೋಕೆ ಸಾಮಾನ್ಯವಾಗಿ ಅದು ಸಾಕು. ಘಟಿಕೋತ್ಸವದಲ್ಲಿ ಕೊಡೋ ಪದವಿ ಪತ್ರಕ್ಕೆ ಮಾತ್ರ ಕುಲಪತಿ ಸಹಿ ಬೇಕು, ಅದಕ್ಕೂ ಹಂಗಾಮಿ ಕುಲಪತಿ ಇರ್ತಾರೆ, ಸಾಮಾನ್ಯವಾಗಿ ಹಿರಿಯ ಡೀನ್ ಒಬ್ರು.

ಕಾಯಂ ನೇಮಕ ನಿಧಾನ. 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಪ್ರಕಾರ ಹೊಸ ಕುಲಪತಿ ಹುಡುಕೋ ಶೋಧನಾ ಸಮಿತಿ ಹೆಸರುಗಳ ಪಟ್ಟಿ ಕೊಡ್ಬೇಕು, ಸರ್ಕಾರ ಒಪ್ಪಬೇಕು, ಆಮೇಲೆ ಕುಲಾಧಿಪತಿಗಳಾದ ರಾಜ್ಯಪಾಲರು ನೇಮಿಸ್ತಾರೆ, ಅವಧಿ 4 ವರ್ಷ. ಈ ಪಟ್ಟಿ ಕೆಲಸ ರಿಟೈರ್‌ಮೆಂಟ್‌ಗೆ ತಿಂಗಳುಗಟ್ಲೆ ಮುಂಚೆನೇ ಶುರುವಾಗ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಹಂಗಾಮಿಯವರು ದೊಡ್ಡ ನಿರ್ಧಾರಕ್ಕೆ ಹಿಂಜರೀತಾರೆ, ಪೆಟ್ಟು ಬೀಳೋದು ಪಿಎಚ್‌ಡಿ ಹುಡುಗ್ರಿಗೆ, ಗೆಸ್ಟ್ ಲೆಕ್ಚರರ್‌ಗಳಿಗೆ.

ನಿಮ್ಮೂರಿನವರೇ ಆದ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿವಿ ಕುಲಪತಿ ಆಗಿದ್ರು, ಅಷ್ಟರಲ್ಲೇ ಅದರ ಸ್ನಾತಕೋತ್ತರ ಕ್ಯಾಂಪಸ್ ಮಾನಸಗಂಗೋತ್ರಿಗೆ ರೂಪ ಕೊಟ್ಟು ಹೆಸರೂ ಇಟ್ರು. ಅಂಥವರು ಬರ್ಲಿ ಅಂತ ಕೇಳೋ ಹಕ್ಕು ನಿಮಗಿದೆ. ಸದ್ಯಕ್ಕೆ ಮಗಳಿಗೆ ಪರೀಕ್ಷೆ ಫೀಸ್ ರಸೀದಿ ಜೋಪಾನ ಮಾಡೋಕೆ ಹೇಳಿ.