ಜರ್ಮನಿಗೆ ಓದಲು ಹೊರಟವರ ಪ್ರಶ್ನೆಗಳು: ಯಾವುದು ಮೊದಲು, ಯಾವುದು ಆಮೇಲೆ?

ಪ್ರಶ್ನೆ: ವಿಟಿಯು ಕಾಲೇಜಿನಲ್ಲಿ ಮೆಕ್ಯಾನಿಕಲ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಜರ್ಮನಿಯಲ್ಲಿ ಎಂ.ಎಸ್. ಮಾಡಬೇಕೆಂದಿದೆ. ‘ಮೊದಲು ಬ್ಲಾಕ್ಡ್ ಅಕೌಂಟ್ ತೆರೆದುಬಿಡಿ, ಎಪಿಎಸ್ ಆಮೇಲೆ ನೋಡೋಣ’ ಎನ್ನುತ್ತಾರೆ ಕನ್ಸಲ್ಟೆನ್ಸಿಯವರು. ಹಾಗೆ ಮಾಡಬಹುದೇ? (ಹಾಸನ)

ಉತ್ತರ: ಬೇಡ. ಇದು ಪೂರ್ತಿ ತಲೆಕೆಳಗಾದ ಕ್ರಮ. ಬ್ಲಾಕ್ಡ್ ಅಕೌಂಟ್ ಎಂದರೆ ಅಲ್ಲಿನ ಖರ್ಚಿಗೆಂದು ಮುಂಚೆಯೇ ಹಣ ಇಟ್ಟು, ತಿಂಗಳಿಗೆ ಇಷ್ಟೇ ಎಂದು ಪಡೆಯುವ ಖಾತೆ; ಅದರ ಸರದಿ ಆಮೇಲೆ. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ವೀಸಾ ಬೇಕಾದರೆ ಎಪಿಎಸ್ ಪ್ರಮಾಣಪತ್ರ ಇರಲೇಬೇಕು. ಹೆಚ್ಚಿನ ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆಗೇ ಅದನ್ನು ಕೇಳುತ್ತವೆ. ನಿಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ಪರಿಶೀಲಿಸಿ ಕೊಡುವ ಪತ್ರ ಅದು. ಶುಲ್ಕ 18,000 ರೂಪಾಯಿ. ಆನ್‌ಲೈನ್‌ನಲ್ಲಿ ನೋಂದಾಯಿಸಿ, ಅರ್ಜಿಯ ಪ್ರಿಂಟ್‌ಗೆ ಸಹಿ ಹಾಕಿ, ದಾಖಲೆಗಳ ಪ್ರತಿಗಳೊಂದಿಗೆ ದೆಹಲಿಗೆ ಕೊರಿಯರ್ ಮಾಡಬೇಕು. ತಡವಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಯಾವುದೋ ಒಂದು ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ಬಿಟ್ಟುಹೋಗಿರುತ್ತದೆ. ಬ್ಯಾಕ್‌ಲಾಗ್ ಇದ್ದರೆ ಫೇಲಾದಾಗಿನ ಮಾರ್ಕ್ಸ್ ಕಾರ್ಡ್ ಕೂಡ ಇಡಿ. ಅದನ್ನು ಮುಚ್ಚಿಡುವುದರಿಂದ ಲಾಭವಿಲ್ಲ, ಅನುಮಾನ ಮಾತ್ರ ಹುಟ್ಟುತ್ತದೆ.

ಎಪಿಎಸ್ ಕಳಿಸಿ ಕಾಯುವ ಹೊತ್ತಿನಲ್ಲಿ ಇಂಗ್ಲಿಷ್ ಪರೀಕ್ಷೆ ಮುಗಿಸಿಕೊಳ್ಳಿ, ಕೋರ್ಸ್‌ಗಳ ಪಟ್ಟಿ ಮಾಡಿ. ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಸಾಮಾನ್ಯವಾಗಿ ಜುಲೈ 15 ಕೊನೆಯ ದಿನ, ಏಪ್ರಿಲ್‌ನ ಸೆಮಿಸ್ಟರ್‌ಗೆ ಜನವರಿ 15. ಆದರೆ ಹೆಸರಾಂತ ಕೋರ್ಸ್‌ಗಳಲ್ಲಿ ಅನೇಕವು ಮಾರ್ಚ್‌ನಿಂದ ಮೇ ಒಳಗೇ ಬಾಗಿಲು ಮುಚ್ಚುತ್ತವೆ. ಉನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕಾದ ಕಡೆ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರ್‌ನ ಉಳಿದ ಪ್ರತಿಯೊಂದಕ್ಕೆ 30 ಯೂರೋ. ಅವರ ಪರಿಶೀಲನೆಗೇ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕೊನೆಯ ದಿನ ಹಾಕಿದ ಅರ್ಜಿಯಲ್ಲಿ ಒಂದು ಕಾಗದ ಕಮ್ಮಿಯಾದರೂ ಸರಿಪಡಿಸಲು ಸಮಯ ಉಳಿಯುವುದಿಲ್ಲ.

ಪ್ರವೇಶ ಪತ್ರ ಕೈಗೆ ಬಂದ ಮೇಲೆಯೇ ಬ್ಲಾಕ್ಡ್ ಅಕೌಂಟ್. ಆಮೇಲೆ ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಪೋರ್ಟಲ್‌ನಲ್ಲಿ ದಾಖಲೆ ಏರಿಸುವುದು, ಕೊನೆಗೆ ವೀಸಾ ಅರ್ಜಿ ಸ್ವೀಕರಿಸುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಬೆರಳಚ್ಚು. ವೀಸಾ ಶುಲ್ಕ 75 ಯೂರೋ. ಒಂದು ಮಾತು ನೆನಪಿರಲಿ: ವೀಸಾ ತಿರಸ್ಕಾರವಾದರೆ ಪತ್ರ ಬರೆದು ಮರುಪರಿಶೀಲನೆ ಕೇಳುವ ಅವಕಾಶವನ್ನು 2025ರ ಜುಲೈ 1ರಿಂದ ತೆಗೆದುಹಾಕಿದ್ದಾರೆ. ಈಗ ಉಳಿದಿರುವುದು ಹೊಸದಾಗಿ ಅರ್ಜಿ ಹಾಕುವುದು, ಇಲ್ಲವೇ ಬರ್ಲಿನ್‌ನಲ್ಲಿ ಕೋರ್ಟಿಗೆ ಹೋಗುವುದು. ಹಾಗಾಗಿ ಮೊದಲ ಸಲವೇ ಫೈಲ್ ಪೂರ್ಣವಾಗಿರಲಿ.

ಪ್ರಶ್ನೆ: ನನ್ನ ಸಿಜಿಪಿಎ 7.8. ಕೋರ್ಸ್ ಪುಟದಲ್ಲಿ ‘ಕನಿಷ್ಠ 2.5’ ಎಂದಿದೆ. ನನಗೆ ಅರ್ಹತೆ ಇದೆಯೇ? (ಶಿವಮೊಗ್ಗ)

ಉತ್ತರ: ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸು. ಪರಿವರ್ತನೆಗೆ ಬಳಸುವ ಬವೇರಿಯನ್ ಸೂತ್ರ ಸುಲಭ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಬಂದದ್ದನ್ನು, ಗರಿಷ್ಠ ಅಂಕಕ್ಕೂ ಪಾಸಾಗಲು ಬೇಕಾದ ಕನಿಷ್ಠ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ. 3ರಿಂದ ಗುಣಿಸಿ, 1 ಕೂಡಿಸಿ.

ನಿಮ್ಮ ಲೆಕ್ಕದಲ್ಲಿ 10ರಿಂದ 7.8 ಕಳೆದರೆ 2.2. ಕನಿಷ್ಠ ಪಾಸ್ ಅಂಕ 4 ಎಂದಾದರೆ ಅಂತರ 6, ಉತ್ತರ 2.1. ಕನಿಷ್ಠ 5 ಎಂದು ಹಿಡಿದರೆ ಅಂತರ 5, ಉತ್ತರ 2.32. ಎರಡರಲ್ಲೂ ನೀವು ಪಾರಾಗುತ್ತೀರಿ. ಆದರೆ ಸಿಜಿಪಿಎ 7.2 ಇರುವ ಗೆಳೆಯನಿಗೆ ಮೊದಲ ಲೆಕ್ಕದಲ್ಲಿ 2.4 ಬಂದು ಅರ್ಹತೆ ಸಿಕ್ಕರೆ, ಎರಡನೆಯದರಲ್ಲಿ 2.68 ಆಗಿ ಅರ್ಜಿ ಬಿದ್ದುಹೋಗುತ್ತದೆ. ಆದ್ದರಿಂದ ಕನಿಷ್ಠ ಪಾಸ್ ಅಂಕ ಎಷ್ಟು ಎಂಬುದು ಟ್ರಾನ್ಸ್‌ಕ್ರಿಪ್ಟ್‌ನಲ್ಲೋ ಮಾರ್ಕ್ಸ್ ಕಾರ್ಡ್‌ನ ಹಿಂಬದಿಯಲ್ಲೋ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಪರೀಕ್ಷಾ ವಿಭಾಗದಿಂದ ಒಂದು ಪತ್ರ ಬರೆಸಿಕೊಳ್ಳಿ.

ಅಂಕಕ್ಕಿಂತ ಹೆಚ್ಚು ಅರ್ಜಿಗಳು ಬೀಳುವುದು ವಿಷಯ ಹೊಂದಿಕೆಯಾಗದೆ. ಗಣಿತಕ್ಕೆ ಇಷ್ಟು ಕ್ರೆಡಿಟ್, ಕಂಟ್ರೋಲ್ ಸಿಸ್ಟಮ್ಸ್‌ಗೆ ಇಷ್ಟು ಎಂದು ಕೋರ್ಸ್‌ಗಳು ಬೇಡಿಕೆ ಇಡುತ್ತವೆ. ಅವರ ಒಂದು ಕ್ರೆಡಿಟ್ ಎಂದರೆ ತರಗತಿ, ಮನೆ ಓದು ಎಲ್ಲ ಸೇರಿ 25ರಿಂದ 30 ಗಂಟೆ. ನಿಮ್ಮ ಸಿಲಬಸ್ ಪುಸ್ತಕದಿಂದ ಆಯಾ ವಿಷಯದ ಪುಟಗಳನ್ನು ಪಿಡಿಎಫ್ ಮಾಡಿಟ್ಟುಕೊಂಡು, ಅವರು ಕೇಳಿದ ವಿಷಯದ ಎದುರಿಗೆ ನಿಮ್ಮದನ್ನು ಬರೆದ ಒಂದು ಪಟ್ಟಿ ತಯಾರಿಸಿ.

ಪ್ರಶ್ನೆ: ಮಗನ ಪಾಸ್‌ಪೋರ್ಟ್‌ನಲ್ಲಿ ಹೆಸರು ಮಾತ್ರ ಇದೆ, ಸರ್‌ನೇಮ್ ಜಾಗ ಖಾಲಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್ ಇವೆ. ತೊಂದರೆಯಾಗುತ್ತದೆಯೇ? (ಮಂಡ್ಯ)

ಉತ್ತರ: ನಮ್ಮ ಕಡೆಯ ಮಕ್ಕಳಿಗೆ ಎದುರಾಗುವ ಬಹು ದೊಡ್ಡ ತಲೆನೋವು ಇದೇ, ಮತ್ತು ಇದನ್ನು ಬೇಗ ಬಗೆಹರಿಸಿಕೊಂಡಷ್ಟೂ ಒಳ್ಳೆಯದು. ಊರಿನ ಹೆಸರು, ತಂದೆಯ ಹೆಸರು ಇನಿಶಿಯಲ್ ಆಗಿ ಬರುವ ಪದ್ಧತಿ ಜರ್ಮನ್ ಕಚೇರಿಗಳಿಗೆ ಗೊತ್ತಿಲ್ಲ. ಅವರ ಪ್ರತಿ ಫಾರ್ಮ್‌ನಲ್ಲೂ ಸ್ವಂತ ಹೆಸರು, ಕುಟುಂಬದ ಹೆಸರು ಎಂದು ಎರಡು ಖಾನೆ. ಒಂದು ಖಾಲಿಯಿದ್ದರೆ ವಿಶ್ವವಿದ್ಯಾಲಯ ಒಂದು ಬಗೆಯಲ್ಲಿ, ವಿಮೆ ಕಂಪನಿ ಇನ್ನೊಂದು ಬಗೆಯಲ್ಲಿ, ಬ್ಯಾಂಕ್ ಮತ್ತೊಂದು ಬಗೆಯಲ್ಲಿ ತುಂಬುತ್ತವೆ. ಆಮೇಲೆ ಒಂದಕ್ಕೊಂದು ತಾಳೆಯಾಗದೆ ಖಾತೆ ತೆರೆಯುವುದೇ ನಿಂತುಹೋಗುತ್ತದೆ.

ಎಪಿಎಸ್‌ಗೆ ಕೈಹಾಕುವ ಮುನ್ನವೇ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ರೀ-ಇಶ್ಯೂಗೆ ಹಾಕಿ, ಇನಿಶಿಯಲ್ ಬಿಡಿಸಿ ಬರೆದ ಸರ್‌ನೇಮ್ ಸೇರಿಸಿಕೊಳ್ಳುವುದು ಉತ್ತಮ. ಎಪಿಎಸ್, ಪ್ರವೇಶ ಪತ್ರ, ವೀಸಾ ಎಲ್ಲವೂ ಪಾಸ್‌ಪೋರ್ಟ್ ನಂಬರ್ ಮತ್ತು ಹೆಸರಿನ ಮೇಲೆಯೇ ನಿಲ್ಲುವುದರಿಂದ ನಡುವೆ ಬದಲಾಯಿಸಿದರೆ ಪ್ರತಿ ಕಡೆ ವಿವರಣೆ ಕೊಡುತ್ತ ಕೂರಬೇಕು. ಹಳೆಯ ಮಾರ್ಕ್ಸ್ ಕಾರ್ಡ್‌ಗಳನ್ನು ತಿದ್ದಿಸಲು ಓಡಾಡುವುದು ಬೇಡ. ‘ಈ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ’ ಎಂದು ಇಂಗ್ಲಿಷ್‌ನಲ್ಲಿ ನೋಟರಿ ಅಫಿಡವಿಟ್ ಮಾಡಿಸಿ, ಎಪಿಎಸ್ ಅರ್ಜಿಗೂ ವೀಸಾ ಅರ್ಜಿಗೂ ಲಗತ್ತಿಸಿ. ರೀ-ಇಶ್ಯೂಗೆ ಸಮಯವಿಲ್ಲದಿದ್ದರೆ ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ತುಂಬಿ. ಚಂದ ಕಾಣಲಿ ಎಂದು ಒಂದೊಂದು ಕಡೆ ಇನಿಶಿಯಲ್ ಸೇರಿಸಬೇಡಿ.

ಪ್ರಶ್ನೆ: ಬ್ಲಾಕ್ಡ್ ಅಕೌಂಟ್‌ಗೆ ಎಷ್ಟು ಕಟ್ಟಬೇಕು? ಬ್ಯಾಂಕಿನಲ್ಲಿ ಏನೆಂದು ಕೇಳಬೇಕು? ಮಗಳ ಹೆಸರಿನಲ್ಲಿ ಎಜುಕೇಶನ್ ಲೋನ್ ಆಗಿದೆ. (ದಾವಣಗೆರೆ)

ಉತ್ತರ: ಸದ್ಯ ಒಂದು ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಇದು ಶುಲ್ಕವಲ್ಲ. ಮಗಳ ಖರ್ಚಿಗೆಂದು ನೀವೇ ಇಟ್ಟ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಮಗಳಿಗೇ ಬರುತ್ತದೆ. ವೀಸಾ ಅರ್ಜಿಗೆ ಮುನ್ನ ಮೊತ್ತ ಬದಲಾಗಿದೆಯೇ ಎಂದು ಕಾನ್ಸುಲೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ಫಿಂಟಿಬಾ, ಎಕ್ಸ್‌ಪಾಟ್ರಿಯೋದಂಥ ಸಂಸ್ಥೆಗಳಲ್ಲಿ ಮನೆಯಲ್ಲೇ ಕುಳಿತು ಖಾತೆ ತೆರೆಯಬಹುದು. ಅವರ ಸೇವಾಶುಲ್ಕ ಇದರ ಮೇಲೆ ಬೇರೆ.

ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್ ತುಂಬಿ, ಪ್ಯಾನ್ ಕಾರ್ಡ್ ಮತ್ತು ಪ್ರವೇಶ ಪತ್ರ ಕೊಟ್ಟು, ಉದ್ದೇಶ ವಿದೇಶಿ ಶಿಕ್ಷಣ, ಕೋಡ್ ಎಸ್0305 ಎಂದು ಹೇಳಿ. ಮುಖ್ಯವಾದ ಮಾತು ಇನ್ನು ಮುಂದಿದೆ. ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ಮೂಲಕ ಹೋಗುವ ಹಣದಲ್ಲಿ ನಡುವಿನ ಬ್ಯಾಂಕ್ ತನ್ನ ಪಾಲು ಮುರಿದುಕೊಳ್ಳುತ್ತದೆ. ಸರಿಯಾಗಿ 11,904 ಕಳಿಸಿದವರ ಖಾತೆಗೆ ಇಪ್ಪತ್ತು ಮೂವತ್ತು ಯೂರೋ ಕಮ್ಮಿ ಬಂದು, ದೃಢೀಕರಣ ಪತ್ರ ಸಿಗದೆ, ಆ ಚಿಲ್ಲರೆಯನ್ನು ಕಳಿಸಲು ಮತ್ತೆ ಪೂರ್ತಿ ಕಮಿಷನ್ ಕಟ್ಟಬೇಕಾಗುತ್ತದೆ. ಫಾರ್ಮ್‌ನಲ್ಲಿ ಖರ್ಚು ಯಾರದ್ದು ಎಂಬ ಕಡೆ ಇಂಗ್ಲಿಷ್‌ನ ‘OUR’ (ಖರ್ಚೆಲ್ಲ ಕಳಿಸುವವರದೇ) ಎಂಬುದನ್ನೇ ಆರಿಸಿ, ಅದರ ಮೇಲೂ 50 ಯೂರೋ ಹೆಚ್ಚಿಗೆ ಕಳಿಸಿ. ಉಳಿದದ್ದು ಮಗಳ ಖಾತೆಯಲ್ಲೇ ಇರುತ್ತದೆ. ಖಾತೆಯ ಸಂಸ್ಥೆ ಕೊಟ್ಟ ರೆಫರೆನ್ಸ್ ನಂಬರ್ ಬರೆಯುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ತಂದೆಯ ಖಾತೆಯಿಂದ ಬಂದ ಹಣ ಯಾರದ್ದೆಂದು ಅವರಿಗೆ ತಿಳಿಯುವುದಿಲ್ಲ.

ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ವಿಚಾರ: ಸ್ವಂತ ಹಣ ಕಳಿಸಿದರೆ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕ್ ಅದನ್ನು ಹಿಡಿಯುತ್ತದೆ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಮಾನ್ಯ ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲ. ಸಾಲದ ಮಂಜೂರಾತಿ ಪತ್ರವನ್ನು ಬ್ಯಾಂಕಿಗೆ ಮೊದಲೇ ತೋರಿಸಿ, ಹಿಡಿದ ಮೇಲೆ ವಾಪಸ್ ಪಡೆಯುವುದು ಸುತ್ತು ದಾರಿ.

ಪ್ರಶ್ನೆ: ಜರ್ಮನಿಯಲ್ಲಿ ಓದು ಉಚಿತ ಎಂದು ಕೇಳಿದ್ದೆವು. ಈಗ ವರ್ಷಕ್ಕೆ ಹತ್ತು ಲಕ್ಷ ಫೀಸಿನ ಕಾಲೇಜು ತೋರಿಸುತ್ತಿದ್ದಾರೆ. (ಕಲಬುರಗಿ)

ಉತ್ತರ: ಅದು ಖಾಸಗಿ ಸಂಸ್ಥೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕೋರ್ಸ್‌ಗಳಿಗೆ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರ್‌ಗೆ 100ರಿಂದ 400 ಯೂರೋ ವಂತಿಗೆ ಮಾತ್ರ. ವಿನಾಯಿತಿಗಳು ಇವೆ: ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000 ಅಥವಾ 6,000. ಪ್ರವೇಶಕ್ಕೆ ಕಮಿಷನ್ ಸಿಗುವುದು ಖಾಸಗಿಯವರಿಂದಲೇ, ಆದ್ದರಿಂದ ಏಜೆಂಟರು ಅತ್ತ ತಳ್ಳುತ್ತಾರೆ. ಎಲ್ಲ ಖಾಸಗಿ ಸಂಸ್ಥೆಗಳೂ ಕೆಟ್ಟವಲ್ಲ. ಆದರೆ ಪಾಠ ಬಹುಪಾಲು ಆನ್‌ಲೈನ್ ಆಗಿರುವ ಕೋರ್ಸ್‌ಗೆ ವಾಸದ ಪರವಾನಗಿ ಸಿಗುವುದು ಕಷ್ಟ. ಸಾಲ ಮಾಡುವ ಮುನ್ನ, ವಾರಕ್ಕೆ ಎಷ್ಟು ಗಂಟೆ ತರಗತಿಯಲ್ಲೇ ಪಾಠ ಎಂಬುದನ್ನು ಆ ಸಂಸ್ಥೆಯಿಂದ ಲಿಖಿತವಾಗಿ ಕೇಳಿ.

ಪ್ರಶ್ನೆ: ಪಿಯುಸಿ ಮುಗಿಸಿ ನೇರವಾಗಿ ಬಿ.ಎಸ್ಸಿ.ಗೆ ಹೋಗಬಹುದೇ? (ಉಡುಪಿ)

ಉತ್ತರ: ಸಾಮಾನ್ಯವಾಗಿ ಆಗದು. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಇಲ್ಲವೇ ಇಲ್ಲಿ ಪದವಿಯ ಮೊದಲ ವರ್ಷ ಅದೇ ವಿಷಯದಲ್ಲಿ ಮುಗಿಸಿರಬೇಕು. ಮೂರನೆಯ ದಾರಿ ಅಲ್ಲಿನ ಸ್ಟುಡಿಯೆನ್‌ಕೊಲೆಗ್‌ನಲ್ಲಿ ಒಂದು ವರ್ಷದ ಪೂರ್ವಸಿದ್ಧತೆ. ಅದಕ್ಕೆ ಜರ್ಮನ್ ಭಾಷೆ ಚೆನ್ನಾಗಿ ಬರಬೇಕು. ಪದವಿ ಕೋರ್ಸ್‌ಗಳು ಹೆಚ್ಚಾಗಿ ಜರ್ಮನ್‌ನಲ್ಲೇ ಇರುವುದರಿಂದ ಮೊದಲ ಪಿಯುಸಿಯಿಂದಲೇ ಭಾಷೆ ಶುರುಮಾಡಿ.

ಪ್ರಶ್ನೆ: ಸಾಮಾನು ಏನೇನು ಕಟ್ಟಲಿ? ತುಪ್ಪ, ಕರಿಬೇವು ಒಯ್ಯಬಹುದೇ? (ಹುಬ್ಬಳ್ಳಿ)

ಉತ್ತರ: ಯುರೋಪಿಯನ್ ಒಕ್ಕೂಟದೊಳಗೆ ಹೊರದೇಶದ ಹಾಲು ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಹಾಗಾಗಿ ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪತ್ರ ಬೇಕು, ಅದೂ ಆಗದ ಮಾತು. ಸಾರಿನ ಪುಡಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹುಣಸೆಹಣ್ಣು, ಕಡಕ್ ಜೋಳದ ರೊಟ್ಟಿ ಒಯ್ಯಿರಿ. ಪುಡಿಗಳನ್ನು ಗಟ್ಟಿಯಾಗಿ ಸೀಲ್ ಮಾಡಿಸಿ, ಮೇಲೆ ಇಂಗ್ಲಿಷ್‌ನಲ್ಲಿ ಹೆಸರು ಬರೆದ ಚೀಟಿ ಅಂಟಿಸಿ, ಚೆಕ್-ಇನ್ ಬ್ಯಾಗಿಗೆ ಹಾಕಿ. ಮೂರು ಲೀಟರ್ ಕುಕ್ಕರ್ ಮತ್ತು ಒಂದು ಹೆಚ್ಚುವರಿ ಗ್ಯಾಸ್ಕೆಟ್ ಇರಲಿ. ಅಲ್ಲಿ ಬಹಳ ಕಡೆ ಇಂಡಕ್ಷನ್ ಒಲೆ, ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ಎಂದು ನೋಡಿ ಖರೀದಿಸಿ.

ಮಾತ್ರೆಗಳು ಮೂರು ತಿಂಗಳಿಗೆ ಸಾಕಾಗುವಷ್ಟು, ಡಾಕ್ಟರ್ ಚೀಟಿಯೊಂದಿಗೆ. ಅಸಲಿ ಮಾರ್ಕ್ಸ್ ಕಾರ್ಡ್, ಪ್ರವೇಶ ಪತ್ರ, ವಿಮೆ ಕಾಗದ ಕೈಚೀಲದಲ್ಲಿ.

ಟಿಕೆಟ್ ತೆಗೆಯುವಾಗ ಶನಿವಾರ, ಭಾನುವಾರ ಇಳಿಯುವಂತೆ ತೆಗೆಯಬೇಡಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಹಾಸ್ಟೆಲ್ ಕೀಲಿ ಕೊಡುವವರು ಸಿಗುವುದು ವಾರದ ದಿನಗಳಲ್ಲಿ ಮಾತ್ರ, ಅದೂ ಬೆಳಗಿನ ಹೊತ್ತು. ಮಂಗಳವಾರ ಬುಧವಾರದ ಬೆಳಿಗ್ಗೆ ಇಳಿದರೆ ಸುಖ. ಬ್ಲಾಕ್ಡ್ ಅಕೌಂಟ್‌ನ ಹಣ ಕೈಗೆ ಬರಲು ಕೆಲವು ವಾರ ಹಿಡಿಯುತ್ತದೆ. ಮೊದಲ ತಿಂಗಳ ಬಾಡಿಗೆ, ಮುಂಗಡ, ಊಟಕ್ಕೆಂದು 1,500 ಯೂರೋವನ್ನಾದರೂ ಫಾರೆಕ್ಸ್ ಕಾರ್ಡ್‌ನಲ್ಲಿ ಒಯ್ಯಿರಿ.

ಪ್ರಶ್ನೆ: ಬಂದು ಒಂದು ವಾರವಾಯಿತು. ವಿಳಾಸ ನೋಂದಣಿ, ವಿಮೆ, ಕೆಲಸ, ಯಾವುದರಿಂದ ಶುರುಮಾಡಲಿ? (ಆಖೆನ್, ಜರ್ಮನಿ)

ಉತ್ತರ: ವಿಳಾಸ ನೋಂದಣಿಯಿಂದ. ಅನ್‌ಮೆಲ್ಡುಂಗ್ ಎನ್ನುವ ಈ ಕೆಲಸವನ್ನು ಮನೆ ಸೇರಿದ ಎರಡು ವಾರದೊಳಗೆ ಮಾಡಬೇಕು. ಮನೆ ಮಾಲೀಕರ ಸಹಿಯ ದೃಢೀಕರಣ ಪತ್ರ ಬೇಕೇ ಬೇಕು, ಬಾಡಿಗೆ ಕರಾರು ಸಾಲದು. ‘ನೋಂದಣಿ ಬೇಡ, ಬಾಡಿಗೆ ಕಮ್ಮಿ ಕೊಡಿ’ ಎನ್ನುವ ಮನೆಗೆ ಹೋಗಬೇಡಿ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಪೋಸ್ಟ್ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿರದಿದ್ದರೆ ಅಂಚೆಯವರು ಹಾಗೇ ವಾಪಸ್ ಒಯ್ಯುತ್ತಾರೆ.

30 ವರ್ಷದೊಳಗಿದ್ದರೆ ಟಿಕೆ, ಎಒಕೆಯಂಥ ಸಾರ್ವಜನಿಕ ವಿಮೆಯನ್ನೇ ಮಾಡಿಸಿ. ತಿಂಗಳಿಗೆ 150 ಯೂರೋ ಆಸುಪಾಸು ಆಗುತ್ತದೆ. ಅಗ್ಗವೆಂದು ಖಾಸಗಿ ವಿಮೆಗೆ ಒಮ್ಮೆ ವಿನಾಯಿತಿ ಪಡೆದರೆ ಓದು ಮುಗಿಯುವವರೆಗೆ ಹಿಂದಿರುಗಲಾಗದು. ಕೆಲಸಕ್ಕೆ ವರ್ಷದಲ್ಲಿ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಮಿತಿ ಇದೆ. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಮೊದಲ ಸೆಮಿಸ್ಟರ್‌ನಲ್ಲಿ ಪಾಠಕ್ಕೇ ಹೊಂದಿಕೊಳ್ಳಿ. ಪರೀಕ್ಷೆಗೆ ಕೂರಲು ಬೇರೆಯಾಗಿ ನೋಂದಾಯಿಸಬೇಕೆಂಬುದು ಗೊತ್ತಿಲ್ಲದೆ ಒಂದು ಸೆಮಿಸ್ಟರ್ ಕಳೆದುಕೊಳ್ಳುವವರು ಇದ್ದಾರೆ. ಆ ತಾರೀಖನ್ನು ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಕ್ಕನ ಮದುವೆ. ವೀಸಾ ನವೆಂಬರ್‌ಗೆ ಮುಗಿಯುತ್ತದೆ, ವಾಸದ ಪರವಾನಗಿಯ ಕಾರ್ಡ್ ಇನ್ನೂ ಬಂದಿಲ್ಲ. ಊರಿಗೆ ಬಂದು ಹೋಗಬಹುದೇ? (ಕೆಮ್ನಿಟ್ಸ್, ಜರ್ಮನಿ)

ಉತ್ತರ: ವೀಸಾ ಮುಗಿಯುವ ಮುನ್ನವೇ ವಾಸದ ಪರವಾನಗಿಗೆ ಅರ್ಜಿ ಹಾಕಿ, ಹಾಕಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಆಮೇಲೆ ವಿದೇಶಿಯರ ಕಚೇರಿಯಿಂದ ಫಿಕ್ಟಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೇಳಿ. ಅದರೊಳಗೆ ಯಾವ ಚೌಕದಲ್ಲಿ ಗುರುತು ಬಿದ್ದಿದೆ ನೋಡಿ: ಜರ್ಮನಿಯ ವಾಸ ಕಾನೂನಿನ ಕಲಂ 81, ಉಪಕಲಂ 4 ಎಂದಿದ್ದರೆ ದೇಶ ಬಿಟ್ಟು ವಾಪಸ್ ಬರಬಹುದು. ಉಪಕಲಂ 3 ಎಂದಿದ್ದರೆ ಹೊರಗೆ ಹೋದವರು ಅದರ ಮೇಲೆ ಒಳಗೆ ಬರಲಾಗದು. ಗಡುವು ದಾಟಿದ ಮೇಲೆ ಅರ್ಜಿ ಹಾಕಿದವರಿಗೆ ಈ ರಕ್ಷಣೆ ಇರುವುದಿಲ್ಲ. ಟಿಕೆಟ್ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ಗೆ ನೇರವಾಗಿರಲಿ. ಬೇರೆ ಷೆಂಗೆನ್ (ಒಂದೇ ವೀಸಾ ವಲಯದ ಯುರೋಪ್) ದೇಶದಲ್ಲಿ ವಿಮಾನ ಬದಲಿಸುವಂತಿದ್ದರೆ ಅಲ್ಲಿನ ಅಧಿಕಾರಿಗಳು ಈ ಕಾಗದವನ್ನು ಒಪ್ಪದೇ ಇರಬಹುದು. ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲೂ ಇದನ್ನು ಕಂಡವರು ಕಡಿಮೆ, ಆದ್ದರಿಂದ ಹಳೆಯ ವೀಸಾ ಇರುವ ಪಾಸ್‌ಪೋರ್ಟ್, ಈ ಪತ್ರದ ಮೂಲಪ್ರತಿ ಮತ್ತು ವಿಶ್ವವಿದ್ಯಾಲಯದ ದಾಖಲಾತಿ ಪತ್ರ ಮೂರನ್ನೂ ಹಿಡಿದು ನಾಲ್ಕು ಗಂಟೆ ಮುಂಚೆ ಹೋಗಿ.