ಲಾನೋ ಜಮೀನಿನಲ್ಲಿ ಜಿಂಕೆ ಬ್ಲೈಂಡ್: ಪೆಟ್ಟಿಗೆಗಿಂತ ಮೊದಲು ಕಾಲು ನೋಡಿ

ನೀವು ಕೇಳಿದ್ದು ಇಷ್ಟು: ಎಚ್-1ಬಿ ವೀಸಾ ಮೇಲೆ ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದು ವರ್ಷವಾಗುತ್ತಿದೆ, ಗೆಳೆಯರೊಬ್ಬರ ಜೊತೆ ಪಾಲಿನಲ್ಲಿ ಲಾನೋ ಕೌಂಟಿಯಲ್ಲಿ 30 ಎಕರೆ ಕೊಂಡಿದ್ದೀರಿ, ನವೆಂಬರ್ ಬೇಟೆ ಸೀಸನ್ನಿಗೆ 15 ಅಡಿ ಎತ್ತರದ ಬ್ಲೈಂಡ್ (ಜಿಂಕೆಗೆ ಹೊಂಚಿ ಕೂರಲು ಕಾಲಿನ ಮೇಲೆ ನಿಲ್ಲಿಸುವ ಪೆಟ್ಟಿಗೆಯಂಥ ಗೂಡು) ಬೇಕು. ರೆಡಿಮೇಡ್ ತಗೊಳ್ಳೋದೋ, ಮರ ತಂದು ಕಟ್ಟೋದೋ? ಕಿಟಕಿ, ಬಣ್ಣ, ಕಾರ್ಪೆಟ್ ಬಗ್ಗೆ ಎಲ್ಲ ಕೇಳಿದ್ದೀರಿ. ಕಾಲುಗಳ ಬಗ್ಗೆ, ನಿಲ್ಲಿಸುವ ಜಾಗದ ಬಗ್ಗೆ ಏನೂ ಕೇಳಿಲ್ಲ. ಬ್ಲೈಂಡ್ ಸೋಲುವುದು ಆ ಎರಡರಲ್ಲೇ. ಪೆಟ್ಟಿಗೆ ಸುಲಭದ ಕೆಲಸ.

ಅದಕ್ಕೂ ಮೊದಲು ಕಾಗದ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ರೂಢಿಯೇ ಇಲ್ಲ, ಹಾಗಾಗಿ ಇಲ್ಲಿನ ನಿಯಮಗಳನ್ನು ಹೇಳಿಕೊಡುವ ಹಿರಿಯರೂ ಮನೆಯಲ್ಲಿ ಇರುವುದಿಲ್ಲ. ನಾನ್-ಇಮಿಗ್ರಂಟ್ (ತಾತ್ಕಾಲಿಕ) ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಎಚ್-1ಬಿಯವರಿಗೆ ಒದಗುವ ಮುಖ್ಯ ವಿನಾಯಿತಿ ಎಂದರೆ ಇಲ್ಲಿನ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಟೆಕ್ಸಾಸ್ ಲೈಸೆನ್ಸ್ ಯಾವಾಗ ತೆಗೆದುಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ಕ್ಕೆ ಹೊಸದು ಕೈಯಲ್ಲಿಲ್ಲದಿದ್ದರೆ ಬೀರುವಿನಲ್ಲಿರುವ ರೈಫಲ್ಲೇ ನಿಮಗೆ ತೊಂದರೆ ತರಬಹುದು. ಖಾಸಗಿ ಜಮೀನಿನಲ್ಲಿ ಒಡೆಯರ ಒಪ್ಪಿಗೆಯಿದ್ದರೆ ಕಾಡುಹಂದಿ ಹೊಡೆಯಲು ಲೈಸೆನ್ಸ್ ಬೇಡ ಎಂದು 2019ರಿಂದ ಇದೆ. ಅಕ್ಕಪಕ್ಕದವರು ಅದನ್ನೇ ಹೇಳುತ್ತಾರೆ. ಅವರಿಗೆ ಸರಿ, ನಿಮಗೆ ಅಲ್ಲ: ನಿಮ್ಮ ಲೈಸೆನ್ಸ್ ಹಂದಿಗಾಗಿ ಅಲ್ಲ, ಬಂದೂಕು ಮುಟ್ಟುವುದಕ್ಕಾಗಿ. ಆರು ತಿಂಗಳಿಗಿಂತ ಹೆಚ್ಚು ಸತತವಾಗಿ ಟೆಕ್ಸಾಸ್‌ನಲ್ಲೇ ಇದ್ದವರಿಗೆ ರೆಸಿಡೆಂಟ್ ದರ 25 ಡಾಲರ್, ಇಲ್ಲದಿದ್ದರೆ 315. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಕಡ್ಡಾಯ, ವಯಸ್ಕರು ಅದನ್ನು ಆನ್‌ಲೈನಿನಲ್ಲೇ ಮುಗಿಸಬಹುದು. ಇಷ್ಟಾದ ಮೇಲೂ ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿ. ಇಲ್ಲಿ ತಪ್ಪಿದರೆ ಹೊಡೆತ ಗ್ರೀನ್ ಕಾರ್ಡಿಗೆ ಬೀಳುತ್ತದೆ.

ಈಗ ಜಾಗ. 30 ಎಕರೆ ಚೌಕವಾಗಿದ್ದರೆ ಒಂದು ಬದಿ ಸುಮಾರು 380 ಗಜ, ನಟ್ಟನಡುವೆ ನಿಂತರೆ ಬೇಲಿ 190 ಗಜದಲ್ಲಿದೆ. ಗುಂಡು ಗಡಿ ದಾಟಿ ಪಕ್ಕದವರ ಜಮೀನಿಗೆ ಹೋಗುವಂತೆ ಹೊಡೆಯುವುದು ಟೆಕ್ಸಾಸ್‌ನಲ್ಲಿ ಅಪರಾಧ. ಡೀಡ್ ರಿಸ್ಟ್ರಿಕ್ಷನ್‌ಗಳನ್ನೂ (ಜಮೀನಿನ ಪತ್ರದಲ್ಲಿರುವ ನಿರ್ಬಂಧ) ಒಮ್ಮೆ ಓದಿ. ಹಳೇ ರಾಂಚುಗಳನ್ನು ಒಡೆದು ಮಾರಿದ ಸಬ್‌ಡಿವಿಷನ್‌ಗಳಲ್ಲಿ ಬೇಟೆಯನ್ನೇ ಬೇಡವೆಂದಿರುವುದುಂಟು. ಬ್ಲೈಂಡನ್ನು ಎತ್ತರಕ್ಕೆ ಏರಿಸುವುದರ ನಿಜವಾದ ಲಾಭ ಇಲ್ಲಿದೆ. ಸಮತಟ್ಟು ನೆಲದಲ್ಲಿ 100 ಗಜ ದೂರದ ಜಿಂಕೆಯ ಎದೆ ನೆಲದಿಂದ 3 ಅಡಿ ಎಂದುಕೊಳ್ಳಿ. ನೆಲದ ಮೇಲೆ ಕೂತು ಹೊಡೆದರೆ ನಳಿಗೆ 4 ಅಡಿಯಲ್ಲಿರುತ್ತದೆ, ತಪ್ಪಿದ ಗುಂಡು ನೆಲ ಮುಟ್ಟುವುದು ಜಿಂಕೆಯಿಂದ ಸುಮಾರು 300 ಗಜ ಆಚೆ. ಎಂದರೆ ಬೇಲಿ ದಾಟಿ. ಬ್ಲೈಂಡಿನ ನೆಲ 5 ಅಡಿಗೆ ಏರಿದರೆ ಆ ದೂರ 50 ಗಜಕ್ಕೆ ಇಳಿಯುತ್ತದೆ, 10 ಅಡಿಗೆ 27 ಗಜ, 15 ಅಡಿಗೆ 19. ನೀವು ಕೇಳಿದ 15ರಲ್ಲಿ 10 ಅಡಿಗಿಂತ ಸಿಗುವ ಲಾಭ ಬರೀ 8 ಗಜ. ಅದಕ್ಕೆ ತೆರಬೇಕಾದ್ದು ಗಾಳಿಯ ಹೊಡೆತ, ಉದ್ದನೆಯ ಏಣಿ, ಎರಡರಷ್ಟು ಕಟ್ಟುಪಟ್ಟಿ. ಓಕ್ ಮರಗಳ ತಲೆ ಅಡ್ಡ ಬರದಿದ್ದರೆ 8ರಿಂದ 10 ಅಡಿ ಸಾಕು. ಲಾನೋ ಕಡೆ ಇನ್ನೊಂದು ಅಪಾಯ: ನೆಲದಲ್ಲೇ ಗುಲಾಬಿ ಗ್ರಾನೈಟ್ ಹಾಸು ಎದ್ದಿರುತ್ತದೆ, ಬಂಡೆಗೆ ಬಿದ್ದ ಗುಂಡು ಚಿಮ್ಮಿ ಎತ್ತಲೋ ಹೋಗುತ್ತದೆ. ಫೀಡರನ್ನು (ಜಿಂಕೆಗೆ ಕಾಳು ಚೆಲ್ಲುವ ಡಬ್ಬ) ಮಣ್ಣಿನ ಇಳಿಜಾರಿಗೆ ಎದುರಾಗಿ, ಹಿಂದೆ ದಿಬ್ಬ ಇರುವಂತೆ ನಿಲ್ಲಿಸಿ. ಖಾಸಗಿ ಜಮೀನಿನಲ್ಲಿ ಮೆಕ್ಕೆಜೋಳ ಚೆಲ್ಲಿ ಕರೆಯುವುದು ಟೆಕ್ಸಾಸ್‌ನಲ್ಲಿ ಕಾನೂನುಬದ್ಧ, ಆದ್ದರಿಂದ ಜಿಂಕೆ ಎಲ್ಲಿ ನಿಲ್ಲಬೇಕೆಂದು ನೀವೇ ಆರಿಸಬಹುದು. ರೈಫಲ್ಲಿಗೆ 80ರಿಂದ 100 ಗಜ ದೂರ ಇಡಿ.

ದಿಕ್ಕಿನ ವಿಷಯದಲ್ಲಿ ಗಾಳಿ ಒಂದು ಕಡೆ, ಸೂರ್ಯ ಇನ್ನೊಂದು ಕಡೆ ಎಳೆಯುತ್ತವೆ. ಇಲ್ಲಿ ಸಾಮಾನ್ಯವಾಗಿ ಗಾಳಿ ಬೀಸುವುದು ದಕ್ಷಿಣ-ಆಗ್ನೇಯದಿಂದ. ನಿಮ್ಮ ವಾಸನೆ ಫೀಡರಿಗೆ ಹೋಗದಿರಬೇಕಾದರೆ ಬ್ಲೈಂಡ್ ಫೀಡರಿನ ಉತ್ತರಕ್ಕೋ ವಾಯವ್ಯಕ್ಕೋ ಇರಬೇಕು. ಆಗ ನಿಮ್ಮ ಮುಖ ಆಗ್ನೇಯಕ್ಕೆ, ಚಳಿಗಾಲದ ಸೂರ್ಯ ಹುಟ್ಟುವುದೂ ಆ ಕಡೆಯೇ. ಬೆಳಗಿನ ಮೊದಲ ಗಂಟೆ ಸ್ಕೋಪಿನಲ್ಲಿ ಬರೀ ಬೆಳಕು ತುಂಬುತ್ತದೆ. ಈ ಬ್ಲೈಂಡ್ ಸಂಜೆಯದು ಎಂದು ಒಪ್ಪಿಕೊಳ್ಳಿ. ಕೋಲ್ಡ್ ಫ್ರಂಟ್ ಬಂದ ದಿನ ಗಾಳಿ ತಿರುಗಿ ಉತ್ತರದಿಂದ ನುಗ್ಗುತ್ತದೆ, ಜಿಂಕೆ ಚೆನ್ನಾಗಿ ಓಡಾಡುವುದೂ ಆ ದಿನವೇ. ಅದಕ್ಕೆ ಮುಂದಿನ ವರ್ಷ ಫೀಡರಿನ ದಕ್ಷಿಣಕ್ಕೆ ಎರಡನೆಯದನ್ನು ಹಾಕಿ. ಉತ್ತರಕ್ಕೆ ಮುಖ ಮಾಡಿ ಕೂತರೆ ಇಡೀ ದಿನ ಕಣ್ಣಿಗೆ ಬಿಸಿಲು ಬೀಳುವುದಿಲ್ಲ. ಒಂದೇ ದುಬಾರಿ ಬ್ಲೈಂಡಿಗಿಂತ ಎರಡು ಸಾಧಾರಣ ಬ್ಲೈಂಡ್ ಮೇಲು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಕಾಲು. ಹೊಲದಲ್ಲಿ ಹಂದಿ ಕಾಯುವ ನಮ್ಮ ಅಟ್ಟಣೆಗೆ ಗೋಡೆಯಿಲ್ಲ, ಗಾಳಿ ತೂರಿ ಹೋಗುತ್ತದೆ. ಬ್ಲೈಂಡ್ ಹಾಯಿಯಂತೆ ಗಾಳಿಯನ್ನು ಹಿಡಿದು ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಮೈಲಿಯ ಗಾಳಿ ಚದರ ಅಡಿಗೆ ಸುಮಾರು 9 ಪೌಂಡ್ ಒತ್ತುತ್ತದೆ. 6 ಅಡಿ ಅಗಲ, ಆರೂವರೆ ಅಡಿ ಎತ್ತರದ ಗೋಡೆಗೆ ಅದು 350 ಪೌಂಡಿನ ಮೇಲಾಯಿತು, ಅದೂ, 10 ಅಡಿ ಕಾಲಿನ ಮೇಲೆ ಗೋಡೆಯ ನಡು ಎಂದರೆ, ನೆಲದಿಂದ 13 ಅಡಿ ಎತ್ತರದಲ್ಲಿ. ಉರುಳಿಸುವ ಬಲ ಸುಮಾರು 4,700 ಅಡಿ-ಪೌಂಡ್. ಬ್ಲೈಂಡ್ ಕಾಲು ಸಮೇತ 1,000 ಪೌಂಡ್ ತೂಗಿ, ಕಾಲುಗಳು ಹೊರಚಾಚಿ ಕೆಳಗೆ 9 ಅಡಿ ಅಗಲವಿದ್ದರೆ ತಡೆಯುವ ಬಲ 4,500. ಕಾಲು ನೇರವಾಗಿ 6 ಅಡಿ ಅಗಲದಲ್ಲೇ ಇಳಿದಿದ್ದರೆ ಬರೀ 3,000. ಅಂದರೆ ವಸಂತದ ಒಂದು ಜೋರಾದ ಗುಡುಗುಮಳೆಗೇ ಕಟ್ಟದ ಬ್ಲೈಂಡ್ ಮಗುಚುತ್ತದೆ. ಹಗುರವಾದ ಪ್ಲಾಸ್ಟಿಕ್ ಪೆಟ್ಟಿಗೆಯದು ಇನ್ನೂ ಬೇಗ. ಇಲ್ಲಿನ ರಸ್ತೆಗಳಲ್ಲಿ ಹೋಗುವಾಗ ಬೇಲಿಯಾಚೆ ಮಲಗಿರುವ ಬ್ಲೈಂಡುಗಳನ್ನು ಗಮನಿಸಿ, ಪೆಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಕಾಲ ಬಳಿ ಕೇಬಲ್ ಕಾಣುವುದಿಲ್ಲ.

ತಡೆಗೆ ಬೇಕಾದ್ದು ದೊಡ್ಡದೇನಲ್ಲ. 80 ಮೈಲಿ ಗಾಳಿಗೂ, ಮೇಲಿನ ಅಳತೆಯಲ್ಲಿ, ಗಾಳಿ ಬರುವ ಬದಿಯ ಪ್ರತಿ ಕಾಲನ್ನು ಸುಮಾರು 220 ಪೌಂಡ್ ಬಲದಿಂದ ಕೆಳಗೆ ಹಿಡಿದರೆ ನಿಲ್ಲುತ್ತದೆ. ಗಾಳಿ ಜಗ್ಗಿ ಜಗ್ಗಿ ಹೊಡೆಯುವುದರಿಂದ ಅದರ ನಾಲ್ಕೈದು ಪಟ್ಟು, ಕಾಲಿಗೆ 1,000 ಪೌಂಡ್ ತಾಳುವ ಕಟ್ಟು ಹಾಕಿ. ಮಣ್ಣು ಆಳವಿದ್ದಲ್ಲಿ ಮೊಬೈಲ್ ಹೋಮ್‌ಗೆ ಬಳಸುವ 30 ಇಂಚಿನ ಸ್ಕ್ರೂ ಆಂಕರ್ (ನೆಲಕ್ಕೆ ತಿರುಗಿಸಿ ಇಳಿಸುವ ಕಬ್ಬಿಣದ ಗೂಟ) ಸಾಕು. ನಿಮ್ಮಲ್ಲಿ ಅದು ಒಂದಡಿ ಇಳಿದು ಕಲ್ಲಿಗೆ ನಿಲ್ಲುವ ಸಂಭವವೇ ಹೆಚ್ಚು, ಕಂಬ ಹೂಳುವ ಆಸೆಯನ್ನೂ ಅಲ್ಲೇ ಬಿಡಿ. ರೋಟರಿ ಹ್ಯಾಮರ್ ಬಾಡಿಗೆಗೆ ತಂದು ಗಟ್ಟಿ ಬಂಡೆಯಲ್ಲಿ 6 ಇಂಚು ತೂತು ಕೊರೆದು, ದೂಳನ್ನು ಪೂರ್ತಿ ಊದಿ ತೆಗೆದು, ಎಪಾಕ್ಸಿ ಅಂಟು ತುಂಬಿ ಐಬೋಲ್ಟ್ (ತಲೆಯಲ್ಲಿ ಬಳೆಯಿರುವ ಬೋಲ್ಟ್) ಕೂರಿಸಿ. ದೂಳು ಉಳಿದರೆ ಎಪಾಕ್ಸಿ ದೂಳಿಗೆ ಅಂಟುತ್ತದೆ, ಬಂಡೆಗಲ್ಲ, ಬೋಲ್ಟ್ ಕೈಯಲ್ಲೇ ಕಿತ್ತು ಬರುತ್ತದೆ. ಅಲ್ಲಿಂದ ಕಾಲಿನ ತುದಿಗೆ ಕಾಲಿಂಚಿನ ಗ್ಯಾಲ್ವನೈಸ್ಡ್ ಕೇಬಲ್, ನಡುವೆ ಟರ್ನ್‌ಬಕಲ್ (ತಿರುಗಿಸಿ ಕೇಬಲ್ ಬಿಗಿ ಮಾಡುವ ಸಾಧನ). ರ‍್ಯಾಚೆಟ್ ಪಟ್ಟಿ ಬೇಡ, ಟೆಕ್ಸಾಸ್ ಬಿಸಿಲಿಗೆ ಅದರ ನೇಯ್ಗೆ ಬೇಗ ಪುಡಿಯಾಗುತ್ತದೆ.

ಕೊಳ್ಳುವುದೋ ಕಟ್ಟುವುದೋ ಎಂಬುದಕ್ಕೆ ನನ್ನ ಉತ್ತರ: ಕಾಲು ಮತ್ತು ಮೆಟ್ಟಿಲನ್ನು ಕೊಳ್ಳಿ, ಪೆಟ್ಟಿಗೆಯನ್ನು ಕಟ್ಟಿ. ಫೈಬರ್‌ಗ್ಲಾಸ್ ಅಥವಾ ಪಾಲಿ ಪೆಟ್ಟಿಗೆಗಳು ಚೆನ್ನಾಗಿವೆ, ಕಿಟಕಿ ಸದ್ದಿಲ್ಲದೆ ತೆರೆಯುತ್ತವೆ, ಬಣ್ಣ ಬಳಿಯುವ ಕೆಲಸವಿಲ್ಲ. ಆದರೆ ಜಾಹೀರಾತಿನ ಬೆಲೆ ಹಲವು ಬಾರಿ ಪೆಟ್ಟಿಗೆಯದು ಮಾತ್ರ. ಗೋಪುರ (ಕಾಲುಗಳ ಚೌಕಟ್ಟು), ಸಾಗಣೆ ಸೇರಿ ಒಟ್ಟು ಮೊತ್ತ ಕೇಳಿ, ಮತ್ತು ಅದನ್ನು ಮೇಲೆ ಎತ್ತಿಡಲು ಫೋರ್ಕ್ ಇರುವ ಟ್ರ್ಯಾಕ್ಟರ್ ಯಾರದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ನೀವು ಕಟ್ಟಿದ ಮರದ ಪೆಟ್ಟಿಗೆಯಾದರೆ ಗೋಡೆಗಳನ್ನು ಬಿಡಿಯಾಗಿ ಕೆಳಗೆ ಮಾಡಿ, ಒಂದೊಂದನ್ನೇ ಮೇಲೆ ಒಯ್ದು ಜೋಡಿಸಬಹುದು, ಮೂರು ಜನ ಸಾಕು. ಇಡೀ ಬ್ಲೈಂಡನ್ನು ಮಲಗಿಸಿ ಕಟ್ಟಿ ಪಿಕಪ್ಪಿಗೆ ಹಗ್ಗ ಬಿಗಿದು ಎತ್ತುವ ಸಾಹಸ ಬೇಡ. ಅರ್ಧ ದಾಟಿದ ಮೇಲೆ ತೂಕ ತಾನಾಗಿ ಮುಂದಕ್ಕೆ ಬೀಳುತ್ತದೆ, ತಡೆಯಲು ಹಿಂದೆ ಏನೂ ಇರುವುದಿಲ್ಲ. ಉಕ್ಕಿನ ಗೋಪುರ ಕೊಳ್ಳುವಾಗ ಅದು ಪೆಟ್ಟಿಗೆ ಮತ್ತು ಇಬ್ಬರು ಸೇರಿ 1,300 ಪೌಂಡ್ ತಾಳುತ್ತದೆಯೇ ಎಂದು ಬರಹದಲ್ಲಿ ನೋಡಿ. ಅಂಥದ್ದು ಸಿಗದಿದ್ದರೆ ಕಾಲನ್ನು ಸರಿಯಾದ ಓರೆಯಲ್ಲಿ ಹಿಡಿಯುವ ಉಕ್ಕಿನ ಬ್ರಾಕೆಟ್ ನಾಲ್ಕರ ಸೆಟ್ ಮಾರುತ್ತಾರೆ. 8 ಅಡಿವರೆಗೆ 4×4 ಕಾಲು, 10 ಅಡಿಗೆ 6×6 (ಮರದ ಅಗಲ, ದಪ್ಪ ಇಂಚಿನಲ್ಲಿ). ನಾಲ್ಕೂ ಬದಿಗೆ ಗುಣಾಕಾರ ಚಿಹ್ನೆಯಂತೆ ಓರೆಪಟ್ಟಿ, 12 ಅಡಿಯ 2×4 ಎಂಟು. ಕಾಲಿಗೆ ಸೇರುವಲ್ಲಿ ಅರ್ಧ ಇಂಚಿನ ಬೋಲ್ಟ್ ತೂರಿಸಿ ನಟ್ ಹಾಕಿ. ಬರೀ ಸ್ಕ್ರೂ ಹೊಡೆದ ಓರೆಪಟ್ಟಿ ಎರಡು ವರ್ಷದಲ್ಲಿ ಕಿರುಗುಡುತ್ತದೆ, ಆ ಸದ್ದಿಗೆ ಜಿಂಕೆ ತಲೆಯೆತ್ತುತ್ತದೆ.

6×6 ಅಡಿ ಪೆಟ್ಟಿಗೆಗೆ ನೆಲದ ಚೌಕಟ್ಟು 12 ಅಡಿಯ 2×6 ನಾಲ್ಕು. ಅರ್ಧಕ್ಕೆ ಕತ್ತರಿಸಿದರೆ ಅಂಚಿಗೆ ಎರಡು, 16 ಇಂಚಿಗೊಂದರಂತೆ ತೊಲೆಗೆ ಆರು. ಮೇಲೆ ಮುಕ್ಕಾಲು ಇಂಚಿನ ಟ್ರೀಟೆಡ್ (ಕೊಳೆಯದಂತೆ ಔಷಧಿ ಕುಡಿಸಿದ) ಪ್ಲೈವುಡ್ 2 ಹಾಳೆ, ಮಿಕ್ಕ ತುಂಡು ಬಾಗಿಲ ಮುಂದಿನ ಕಟ್ಟೆಗೆ. ಗೋಡೆಗೆ ಟಿ1-11 (ಹೊರಗೋಡೆಗೆ ಬಳಸುವ ಪ್ಲೈವುಡ್) ಹಾಳೆ 6, ಒಳಗೆ 2×4 ಸುಮಾರು 24. ಛಾವಣಿಗೆ ಓಎಸ್‌ಬಿ (ಮರದ ಚಕ್ಕೆ ಒತ್ತಿ ಮಾಡಿದ ಹಲಗೆ) 2 ಹಾಳೆ, ಅದರ ಮೇಲೆ 3 ಅಡಿ ಅಗಲದ ತಗಡು 3. ತಗಡನ್ನು ನೇರವಾಗಿ ಪಟ್ಟಿಗೆ ಹೊಡೆಯಬೇಡಿ, ಓಕ್ ಕಾಯಿ ಬಿದ್ದರೆ ತಮಟೆ ಬಾರಿಸಿದ ಸದ್ದು, ಚಳಿ ಬೆಳಗ್ಗೆ ನಿಮ್ಮ ಉಸಿರೇ ನೀರಾಗಿ ತಲೆ ಮೇಲೆ ತೊಟ್ಟಿಕ್ಕುತ್ತದೆ. ಇಳಿಜಾರು ಹಿಂದಕ್ಕೆ 6 ಇಂಚು. ಟ್ರೀಟೆಡ್ ಮರದಲ್ಲಿ ತಾಮ್ರದ ಲವಣ ಇರುವುದರಿಂದ ಮಾಮೂಲಿ ಮೊಳೆಯನ್ನು ಅದು ತಿಂದುಹಾಕುತ್ತದೆ. ಹಾಟ್-ಡಿಪ್ ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್ ಮಾತ್ರ. ಟಿ1-11 ಕೊಳೆಯುವುದು ಯಾವಾಗಲೂ ಕೆಳ ಅಂಚಿನಿಂದ: ಕತ್ತರಿಸಿದ ಅಂಚು ಬತ್ತಿಯಂತೆ ನೀರೆಳೆಯುತ್ತದೆ. ಜೋಡಿಸುವ ಮೊದಲೇ ಆ ಅಂಚಿಗೆ ಎರಡು ಕೋಟ್ ಪ್ರೈಮರ್ ಕುಡಿಸಿ, ಆಮೇಲೆ ಬ್ರಷ್ ಅಲ್ಲಿಗೆ ಹೋಗುವುದಿಲ್ಲ.

ಕಿಟಕಿಯ ಎತ್ತರವನ್ನು ಪುಸ್ತಕ ನೋಡಿ ಕತ್ತರಿಸಬೇಡಿ. ನೀವು ಬಳಸುವ ಕುರ್ಚಿಯನ್ನೇ ಒಳಗಿಟ್ಟು ಕೂತು, ಖಾಲಿ ರೈಫಲ್ ಅಥವಾ ಒಂದು ಕೋಲನ್ನು ಭುಜಕ್ಕೇರಿಸಿ, ಇನ್ನೊಬ್ಬರಿಂದ ಗುರುತು ಹಾಕಿಸಿ. 18 ಇಂಚಿನ ಕುರ್ಚಿಗೆ ಅದು ಸಾಮಾನ್ಯವಾಗಿ 34ರಿಂದ 38 ಇಂಚಿನ ನಡುವೆ ಬರುತ್ತದೆ. 12 ಇಂಚು ಎತ್ತರ, 28 ಇಂಚು ಅಗಲ ಸಾಕು. ದೊಡ್ಡ ಕಿಟಕಿ ಇಟ್ಟಷ್ಟೂ ನಿಮ್ಮ ಅಲುಗಾಟ ಹೊರಗೆ ಕಾಣುತ್ತದೆ. ಒಳಗೆ ಪೂರ್ತಿ ಮ್ಯಾಟ್ ಕಪ್ಪು ಬಣ್ಣ, ಬೆನ್ನ ಹಿಂದಿನ ಕಿಟಕಿ ಮುಚ್ಚಿರಲಿ, ಇಲ್ಲದಿದ್ದರೆ ಬೆಳಕಿಗೆ ಅಡ್ಡವಾಗಿ ನಿಮ್ಮ ತಲೆ ಎದ್ದು ಕಾಣುತ್ತದೆ. ಪ್ಲೆಕ್ಸಿಗ್ಲಾಸಿಗೆ ಸ್ಕ್ರೂಗಿಂತ ತುಸು ದೊಡ್ಡ ತೂತು ಮಾಡಿ, ಬಿಸಿಲಿಗೆ ಅದು ಹಿಗ್ಗುತ್ತದೆ, ಬಿಗಿ ತೂತಿನಿಂದಲೇ ಬಿರುಕು ಶುರುವಾಗುತ್ತದೆ. ಕಾರ್ಪೆಟ್ ತೇವ ಹಿಡಿದು ಇಲಿ ಕರೆಯುತ್ತದೆ, ರಬ್ಬರ್ ಮ್ಯಾಟ್ ಹಾಸಿ.

ಏಣಿ ಬೇಡ, ಮೆಟ್ಟಿಲಿರಲಿ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ಮೇಲೆ 3 ಅಡಿ ಕಟ್ಟೆ. ಕಟ್ಟೆಯಿಲ್ಲದೆ ಹೊರಕ್ಕೆ ತೆರೆಯುವ ಬಾಗಿಲು ಕತ್ತಲಲ್ಲಿ ಹತ್ತುವವರನ್ನು ಹಿಂದಕ್ಕೆ ತಳ್ಳುತ್ತದೆ. ರೈಫಲನ್ನು ಹೆಗಲಿಗೆ ಹಾಕಿ ಹತ್ತಬೇಡಿ. ಗುಂಡು ತೆಗೆದು, ಬೋಲ್ಟ್ ತೆರೆದು, ನಳಿಗೆ ಕೆಳಮುಖವಾಗಿ ಹಗ್ಗಕ್ಕೆ ಕಟ್ಟಿ, ಮೇಲೆ ಕೂತ ಮೇಲೆ ಎಳೆದುಕೊಳ್ಳಿ.

ಕೆಲಸ ಆಗಸ್ಟ್ ಹೊತ್ತಿಗೆ ಮುಗಿದರೆ ನವೆಂಬರ್ ಒಳಗೆ ಜಿಂಕೆಗಳು ಅದಕ್ಕೆ ಒಗ್ಗುತ್ತವೆ. ಪ್ರತಿ ವರ್ಷ ಸೀಸನ್ನಿಗೆ ಮುಂಚೆ ಒಮ್ಮೆ ಹೋಗಿ ಬನ್ನಿ. ಬಾಗಿಲನ್ನು ಉದ್ದ ಕೋಲಿನಿಂದ ತೆರೆದು ದೂರ ನಿಲ್ಲಿ, ಕೆಂಪು ಕಡಜಗಳು ಒಂದು ಕಡ್ಡಿ ತೂರುವಷ್ಟು ಸಂದಿನಲ್ಲೂ ಒಳಹೊಕ್ಕು ಗೂಡು ಕಟ್ಟಿರುತ್ತವೆ, 10 ಅಡಿ ಮೇಲೆ ಅವು ಮುತ್ತಿದರೆ ಇಳಿದು ಓಡಲು ದಾರಿಯಿಲ್ಲ. ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ಟ್ರೀಟೆಡ್ ಮರ ಒಣಗಿ ಕುಗ್ಗಿ ಬೋಲ್ಟುಗಳು ಸಡಿಲಾಗಿರುತ್ತವೆ. ಮುಕ್ಕಾಲು ಇಂಚಿನ ಸಾಕೆಟ್ ಒಯ್ದು ಎಲ್ಲವನ್ನೂ ಬಿಗಿ ಮಾಡಿ, ಟರ್ನ್‌ಬಕಲ್ಲುಗಳನ್ನೂ ಅರ್ಧ ಸುತ್ತು ತಿರುಗಿಸಿ.